ಕಿನುಯೊ ಅಕ್ಕನ ಜೊತೆ ಹೂ ನೋಡಲು ಹೋದದ್ದು

ಬಸ್ಸಿನಿಂದ ಇಳಿದ ಕಿನುಯೊ ಸೊಂಟದ ಮೇಲೆ ಕೈಯಿಟ್ಟು, ಗುಡ್ಡ ಹತ್ತಿ ಹೋಗುವ ಕಲ್ಲಿನ ಮೆಟ್ಟಿಲುಗಳನ್ನು ಕತ್ತೆತ್ತಿ ನೋಡಿದಳು.

"ಈ ದೇವಸ್ಥಾನ ಕಟ್ಟಿದ ಸನ್ಯಾಸಿಗೆ ಮಂಡಿನೋವು ಇರ್ಲಿಲ್ಲ ಅನ್ಸುತ್ತೆ."

"ನಿಧಾನಕ್ಕೆ ಹತ್ತೋಣ ಅಕ್ಕ. ಆ ಬುತ್ತಿ ಗಂಟು ನಂಗೆ ಕೊಡಿ," ಎಂದಳು ತಮ್ಮನ ಹೆಂಡತಿ ಚಿಜುರು.

"ಯಾಕೆ, ನಾನೇನು ಮುದುಕೀನಾ?"

"ಅರವತ್ತಾರು."

"ನಿನ್ನ ಕೇಳಿದ್ದು ಯಾರು?" ಎಂದು ಗದರುತ್ತಲೇ ಕಿನುಯೊ ಗಂಟನ್ನು ಅವಳ ಕೈಗೆ ದಾಟಿಸಿದಳು.

ಗೆಂಶೋಜಿ ದೇವಾಲಯದ ಚೆರಿ ಮರ ಎಂಟುನೂರು ವರ್ಷದ್ದೆಂದು ಊರವರು ಹೇಳುತ್ತಾರೆ. ಅದು ಮೈತುಂಬ ಹೂಬಿಡುವುದು ಏಪ್ರಿಲ್‌ನಲ್ಲಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಮದುವೆಯಾಗಿ ಈ ಕಣಿವೆಗೆ ಬಂದ ಮೇಲೆ ಚಿಜುರು ಪ್ರತಿ ವರ್ಷ ಅತ್ತೆಯ ಜೊತೆ ಬರುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೂ ಗಂಡ ತೊಕುಜಿಯನ್ನು ಎಳೆದುಕೊಂಡು ಬರುತ್ತಿದ್ದಳು. ಆಮೇಲೆ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ, ಒಂದೊಂದು ಸಲ ನಾಲ್ಕು ಗಂಟೆ, ಡಯಾಲಿಸಿಸ್‌ಗೆಂದು ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗುವುದು. ಮಿಕ್ಕ ದಿನಗಳಲ್ಲಿ ಆ ದಣಿವನ್ನು ಕಳೆದುಕೊಳ್ಳುವುದು. ಹೀಗೆ ಆರು ಏಪ್ರಿಲ್‌ಗಳು ಹೋದವು. ವಾರ್ಡಿನ ನರ್ಸಮ್ಮ ತನ್ನ ಫೋನಿನಲ್ಲಿ ಮರದ ಫೋಟೊ ತೋರಿಸಿದಾಗ ಚಿಜುರು "ಚೆನ್ನಾಗಿದೆ" ಎಂದು ಮಗ್ಗುಲು ಬದಲಿಸುತ್ತಿದ್ದಳು. ಹೂವಿಗಿಂತ ನೀರಿನ ಆಸೆಯೇ ಅವಳನ್ನು ಹೆಚ್ಚು ಕಾಡುತ್ತಿತ್ತು. ದಿನಕ್ಕೆ ಇಷ್ಟೇ ಎಂದು ಅಳೆದು ಕುಡಿಯಬೇಕಿದ್ದ ನೀರು ನಾಲಿಗೆ ನೆನೆಯುವಷ್ಟರಲ್ಲೇ ಮುಗಿದುಹೋಗುತ್ತಿತ್ತು.

ತೊಕುಜಿ ತನ್ನದೊಂದು ಕಿಡ್ನಿ ಕೊಡಲು ಹೊರಟ. ಸಕ್ಕರೆ ಕಾಯಿಲೆ ಇರುವವನದು ಬೇಡವೆಂದರು ವೈದ್ಯರು. ಆಗ ಮುಂದೆ ಬಂದವಳು ಅವನ ಅಕ್ಕ ಕಿನುಯೊ.

ಯಾರೂ ಕನಸಲ್ಲೂ ಎಣಿಸದ ಸಂಗತಿ ಅದು. ಪೇಟೆಯಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ ಕಿನುಯೊಳ ಕತ್ತರಿಗಿಂತ ನಾಲಿಗೆಯೇ ಹರಿತ. ಅತ್ತೆ ಸತ್ತ ವರ್ಷ ಚಿಜುರು, ನುಸಿ ತಿಂದಿದ್ದ ಅವರ ಕಿಮೊನೊ ಒಂದನ್ನು ಕತ್ತರಿಸಿ, ನೆಲದ ಮೇಲೆ ಹಾಕಿ ಕೂರುವ ದಿಂಬಿಗೆ ಗವಸು ಹೊಲಿದಿದ್ದಳು. "ನಮ್ಮಮ್ಮನ ಮೇಲೆ ಕುಂಡಿ ಊರಿ ಕೂತ್ಕೊಳ್ತೀಯಾ?" ಎಂದು ಕಿನುಯೊ ಅಂದು ಹಾರಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಅಲ್ಲಿಂದಾಚೆ ಹಬ್ಬಹುಣ್ಣಿಮೆಗೆ ಎದುರಾದರೆ ಹೂಂ, ಉಹೂಂ ಅಷ್ಟೇ. ಅಂಥವಳು ಒಂದು ಬೇಸಿಗೆಯಲ್ಲಿ ಮನೆಗೆ ಬಂದು, ಜಗಲಿಯಲ್ಲಿ ತಮ್ಮನ ತಲೆಗೂದಲು ಕತ್ತರಿಸುತ್ತ, ಕೈ ನಿಲ್ಲಿಸದೆಯೇ, "ನನ್ ಹತ್ರ ಎರಡಿದೆ. ಒಂದು ತಗೊಳ್ಳಿ," ಎಂದಳು. ಚಿಜುರು ಅವಳು ಕತ್ತರಿಯ ಮಾತಾಡುತ್ತಿದ್ದಾಳೆ ಎಂದುಕೊಂಡು, "ನಮ್ಮನೇಲೂ ಇದೆ ಅಕ್ಕ," ಎಂದಿದ್ದಳು.

ಆಪರೇಷನ್ ಆಗಿ ಹದಿನಾರು ತಿಂಗಳಾಗಿತ್ತು. ಮೊದಲ ವರ್ಷ ಜನಸಂದಣಿಗೆ ಹೋಗಕೂಡದೆಂದಿದ್ದರು. ಹೀಗಾಗಿ ಇದೇ ಮೊದಲ ಸಲ. ಇಷ್ಟು ದಿನದಲ್ಲಿ ಚಿಜುರು ಎಷ್ಟೋ ಬಾರಿ ಕೃತಜ್ಞತೆ ಹೇಳಲು ಬಾಯಿ ತೆರೆದಿದ್ದಳು. ಪ್ರತಿ ಸಲವೂ ಕಿನುಯೊ, "ಒಲೆ ಮೇಲೇನೋ ಸೀದ ವಾಸನೆ ಬರ್ತಿದೆ ನೋಡು," ಎನ್ನುವಂಥ ಮಾತಿನಿಂದ ಅದನ್ನು ತುಂಡರಿಸಿದ್ದಳು.

ಅರ್ಧದಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಕಿನುಯೊಗೆ ಏದುಸಿರು ಬಂತು. ಚಿಜುರುಗೆ ಬರಲಿಲ್ಲ. ಮೊದಲೆಲ್ಲ ಮನೆಯ ಹೊಸ್ತಿಲು ದಾಟಿದರೆ ಸುಸ್ತಾಗುತ್ತಿದ್ದವಳು ಈಗ ನಿಂತು ಇನ್ನೊಬ್ಬರಿಗೆ ಕಾಯುತ್ತಿರುವುದು ಅವಳಿಗೇ ವಿಚಿತ್ರವೆನಿಸಿತು. ನಾಚಿಕೆಯೂ ಆಯಿತು.

"ನನ್ನ ಒಳ್ಳೇ ಕಿಡ್ನಿ ನಿಂಗೇ ಬಂದಿರ್ಬೇಕು," ಎಂದಳು ಕಿನುಯೊ, ಕಂಬಿ ಹಿಡಿದುಕೊಂಡು. "ಮುಖ ಯಾಕೆ ಹಾಗ್ ಮಾಡ್ತೀಯ? ತಮಾಷೆಗಂದೆ. ಮಂಡೀದು ಬೇರೆ ಲೆಕ್ಕ."

ಮೇಲೆ ಹೋಗಿ ತಿರುಗಿದರೆ ಮರ ಎದುರಿಗೇ ಇತ್ತು.

ಚಿಜುರು ಅದನ್ನು ಮರೆತಿರಲಿಲ್ಲ. ಆದರೆ ನೆನಪಿನಲ್ಲಿದ್ದದ್ದು ಇಷ್ಟು ದೊಡ್ಡದಾಗಿರಲಿಲ್ಲ. ಬೊಡ್ಡೆ ಟೊಳ್ಳಾಗಿ, ಒಬ್ಬರು ನುಸುಳುವಷ್ಟು ಬಾಯಿ ಬಿಟ್ಟಿತ್ತು. ಬಾಗಿದ ಕೊಂಬೆಗಳಿಗೆ ಮರದ ಊರುಗೋಲುಗಳನ್ನು ಕೊಟ್ಟಿದ್ದರು. ಅಷ್ಟೆಲ್ಲ ಆಸರೆಯ ಮೇಲೆ ನಿಂತಿದ್ದ ಮುದಿ ಮರ ತುದಿಯಿಂದ ನೆಲದವರೆಗೂ ಹೂ ಸುರಿಯುತ್ತಿತ್ತು. ಗಾಳಿ ಬಂದಾಗ ಜೋಲುರೆಂಬೆಗಳೆಲ್ಲ ಒಟ್ಟಿಗೆ ಒಂದು ಬದಿಗೆ ಸರಿದು ಮತ್ತೆ ಮರಳುತ್ತಿದ್ದವು. ಚಿಜುರು ಕೈಜೋಡಿಸಿದಳು. ಏನನ್ನೂ ಬೇಡಿಕೊಳ್ಳಬೇಕೆನಿಸಲಿಲ್ಲ.

ಮರದ ಪಕ್ಕದ ಬೆಂಚಿನಲ್ಲಿ ಕುಳಿತು ಇಬ್ಬರೂ ಬುತ್ತಿ ಬಿಚ್ಚಿದರು. ಚಹಾದಂಗಡಿಯ ಮುದುಕ ಎರಡು ಬಟ್ಟಲು ಹಸಿರು ಚಹಾ ತಂದಿಟ್ಟ. ಚಿಜುರು ಒಂದನ್ನು ಪೂರ್ತಿ ಕುಡಿದಳು, ಇನ್ನೊಂದು ತರಿಸಿ ಅದನ್ನೂ ಕುಡಿದಳು. ಬಿಸಿ ಗಂಟಲಿನಿಂದ ಎದೆಗೆ ಇಳಿಯುವಾಗ ಕಣ್ಣು ತುಂಬಿಬಂತು.

"ಅಕ್ಕ, ಇವತ್ತು ನೀವು ಅಡ್ಡ ಮಾತಾಡ್ಬಾರ್ದು. ನಾನು..."

"ತಾಳು." ಕಿನುಯೊ ಕೈಯಲ್ಲಿದ್ದ ಅನ್ನದ ಉಂಡೆಯನ್ನು ಕೆಳಗಿಟ್ಟಳು. "ಮೊದ್ಲು ನಾನು ಒಂದು ಹೇಳ್ತೀನಿ. ಕೇಳಿದ ಮೇಲೆ ಹೇಳ್ಬೇಕೋ ಬೇಡ್ವೋ ನೀನೇ ನೋಡು. ಆಪರೇಷನ್‌ಗೆ ಹತ್ತು ದಿನ ಇದ್ದಾಗ ನಾನು ಒಬ್ಳೇ ಇಲ್ಲಿಗೆ ಬಂದಿದ್ದೆ. ಒಂದೆಲೆ ಇರ್ಲಿಲ್ಲ ಮರದಲ್ಲಿ. ಇಲ್ಲೇ ಕೂತು ನಿಂಗೆ ಫೋನ್ ಮಾಡ್ದೆ."

"ನೆನಪಿದೆ. ಮೂಲಂಗಿ ಉಪ್ಪಿನಕಾಯಿಗೆ ಎಷ್ಟು ಉಪ್ಪು ಹಾಕ್ತೀಯ ಅಂತ ಕೇಳಿದ್ರಿ."

"ನಲವತ್ತು ವರ್ಷದಿಂದ ಮೂಲಂಗಿ ಹಾಕೋಳು ನಿನ್ನ ಕೇಳ್ತೀನಾ, ಪೆದ್ದಿ! 'ನಂಗೆ ಭಯ ಆಗ್ತಿದೆ, ನನ್ ಕೈಲಾಗಲ್ಲ' ಅಂತ ಹೇಳೋಕೆ ಮಾಡಿದ್ದು."

ಚಿಜುರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು.

"ನೀನು ಫೋನ್ ಎತ್ತಿದ್ದೇ, 'ಗಾಳಿ ಸದ್ದು ಕೇಳಿಸ್ತಿದೆ, ಈ ಚಳೀಲಿ ಎಲ್ಲಿ ಕೂತಿದ್ದೀರಿ?' ಅಂದೆ. ಆಮೇಲೆ, 'ಭಯ ಆದ್ರೆ ಬೇಡ ಅಂದ್ಬಿಡಿ ಅಕ್ಕ, ಹೀಗೇ ಇದ್ದುಬಿಡ್ತೀನಿ, ನಿಮ್ಮ ಮೇಲೆ ಒಂದ್ ಚೂರೂ ಬೇಜಾರಿಲ್ಲ' ಅಂದೆ. ಬಾಗಿಲು ತೆಗೆದಿದೆ ಅಂತ ಗೊತ್ತಾಯ್ತು ನೋಡು, ಓಡಿಹೋಗೋ ಮನಸ್ಸೇ ಹೊರಟುಹೋಯ್ತು. ಇನ್ನೇನು ಮಾತಾಡ್ಲಿ? ಮೂಲಂಗಿ ಅಂದೆ."

ಚಿಜುರು ಬಟ್ಟಲನ್ನು ಬೆಂಚಿನ ಮೇಲಿಟ್ಟಳು.

"ಅಕ್ಕ, ನಾನೂ ಒಂದು ನಿಜ ಹೇಳ್ಲಾ? ಬಾಯಲ್ಲಿ ಹಾಗಂದೆ. ಫೋನ್ ಇಟ್ಟ ಮೇಲೆ, ನೀವೆಲ್ಲಿ 'ಆಯ್ತು ಬೇಡ' ಅಂದಿರ್ತಿದ್ರೋ ಅಂತ ನಂಗೂ ಭಯ ಆಯ್ತು. ಅಡುಗೆಮನೇಲಿ ನೆಲದ ಮೇಲೇ ಕೂತ್ಬಿಟ್ಟೆ."

ಕಿನುಯೊ ಅವಳನ್ನೇ ದಿಟ್ಟಿಸಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಚಹಾದಂಗಡಿಯ ಮುದುಕ ತಿರುಗಿ ನೋಡಿದ. "ಕಳ್ಳಿ! ಮಹಾತಾಯಿ ಥರ ಮಾತಾಡಿದ್ಳು ಅಂತ ಹದಿನಾರು ತಿಂಗಳಿಂದ ನಿನ್ನ ಮನಸ್ಸಲ್ಲೇ ಪೂಜೆ ಮಾಡ್ತಿದ್ದೆನಲ್ಲೇ!"

ಚಿಜುರುಗೂ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು. ಅವಳು ಬೆಂಚಿನಿಂದ ಇಳಿದು, ಉದುರಿದ ಹೂವಿನ ಮೇಲೆ ಮಂಡಿಯೂರಿ, ಎರಡೂ ಅಂಗೈ ನೆಲಕ್ಕಿಟ್ಟು, ಹಣೆ ಮುಟ್ಟುವಂತೆ ಬಾಗಿದಳು.

"ಭಯ ಪಟ್ಕೊಂಡೂ ಕೊಟ್ರಲ್ಲ ಅಕ್ಕ. ನಿಮ್ಮಿಂದ ನಾನು ಬದುಕಿದೀನಿ. ನಿಮ್ಮ ಉಪಕಾರ ದೊಡ್ಡದು."

"ಏಳೇ, ಜನ ನೋಡ್ತಿದ್ದಾರೆ."

"ನೋಡ್ಲಿ."

ಕಿನುಯೊ ಈ ಸಲ ಮಾತು ತುಂಡರಿಸಲಿಲ್ಲ. ಬೆಂಚಿನಲ್ಲಿ ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡಿ, ತಾನೂ ತಲೆ ಬಾಗಿಸಿದಳು. "ಹೂಂ. ಮುಟ್ಟಿತು," ಎಂದಳು.

ಆಮೇಲೆ ಇಬ್ಬರೂ ಉಳಿದ ಊಟ ಮುಗಿಸಿದರು. ಮೊಟ್ಟೆ ಸುರುಳಿ ಸಪ್ಪೆಯಾಗಿದೆ ಎಂದು ಕಿನುಯೊ ದೂರಿದಳು. ಆದರೂ ಕೊನೆಯ ತುಂಡನ್ನು ಅವಳೇ ತಿಂದಳು. ಬಿಸಿಲು ಕೊಂಬೆಗಳ ನಡುವೆ ತೂರಿ ಅವಳ ಮುಖದ ಮೇಲೆ ಬಿತ್ತು. ಹೊಟ್ಟೆ ತುಂಬಿದವಳು ಕಣ್ಣು ಮುಚ್ಚಿ, ಚಿಜುರುಳ ಭುಜಕ್ಕೆ ಒರಗಿ ನಿದ್ದೆ ಹೋದಳು. ಕೆಳಗೆ ರಸ್ತೆಯಲ್ಲಿ ಅವರು ಹಿಂತಿರುಗಬೇಕಿದ್ದ ಎರಡೂವರೆಯ ಬಸ್ಸು ಬಂದು ನಿಂತಿತು. ಚಿಜುರು ಅದನ್ನು ನೋಡಿದಳು, ಅಲುಗಾಡದೆ ಕುಳಿತು ಹೋಗಗೊಟ್ಟಳು.