ಬಿಳಿ ಪೆಟ್ಟಿಗೆಯ ಇಪ್ಪತ್ತೆಂಟನೆಯ ಆಟ

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ವಿಡಿಯೋ ಗೇಮ್‌ಗೆ ಈ ತಾಪತ್ರಯವಿಲ್ಲ. ‘ಸ್ಟಾರ್ಟ್’ ಎಂದು ಬರೆದ ಗುಂಡಿ ಇರುತ್ತದೆ, ಒತ್ತಿದರೆ ಆಯಿತು. ಕಥೆಗೆ ಅಂಥ ಗುಂಡಿಯನ್ನು ಯಾರೂ ಮಾಡಿಕೊಟ್ಟಿಲ್ಲ. ಹುಡುಕಿ ಸುಸ್ತಾಗಿ ಮೊದಲು ಹೀಗೆ ಬರೆದೆ:

“ಒಂದಾನೊಂದು ಕಾಲದಲ್ಲಿ ಎರಡು ಕಂಪನಿಗಳಿದ್ದವು. ಒಂದು ಕಪ್ಪು ಪೆಟ್ಟಿಗೆ ಮಾಡುತ್ತಿತ್ತು, ಇನ್ನೊಂದು ಬಿಳಿ ಪೆಟ್ಟಿಗೆ.”

ಹೊಡೆದುಹಾಕಿದೆ. ಕಂಪನಿಗಳು ಕಥೆಯೊಳಗೆ ಕಾಲಿಟ್ಟರೆ ಸಾಕು, ಓದುಗರಾದ ನೀವು ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ ನಿಂತು ಜಗಳ ತೆಗೆಯುತ್ತೀರಿ. ಕಥೆ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. (ನಾನೂ ಒಂದು ಕಡೆಯವನೇ. ಯಾವ ಕಡೆ ಅಂತ ಹೇಳುವುದಿಲ್ಲ.)

ಎರಡನೆಯ ಆರಂಭದಲ್ಲಿ ಒಂದು ಕೋಷ್ಟಕವಿತ್ತು. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಅದನ್ನು ಎಳೆದದ್ದು ನಾನಲ್ಲ, ಈ ಕಥೆಯ ಗ್ರಂಥಪಾಲಕಿ. ಹಾಗಾದರೆ ಅವಳಿಂದಲೇ ಆಗಲಿ. ಸ್ಟಾರ್ಟ್.

1

ಗ್ರಂಥಾಲಯದ ಮೊದಲ ಮಹಡಿಯಲ್ಲಿ, ಹಳೆಯ ಪತ್ರಿಕೆಗಳ ಕಪಾಟು ದಾಟಿದರೆ, ಒಂದು ಸಣ್ಣ ಕೋಣೆ. ಎರಡು ಟೀವಿ, ನಾಲ್ಕು ಕುರ್ಚಿ, ಟೀವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಎರಡು ಪೆಟ್ಟಿಗೆ. ಗೋಡೆಗೆ ಎರಡು ಶೆಲ್ಫು: ಕಪ್ಪು ಪೆಟ್ಟಿಗೆಯ ಆಟಗಳು ಮೂವತ್ತೊಂದು, ಬಿಳಿಯದರವು ಇಪ್ಪತ್ತೇಳು. ಒಂದರ ಆಟ ಇನ್ನೊಂದರಲ್ಲಿ ನಡೆಯುವುದಿಲ್ಲ. ಸದಸ್ಯರು ಕಾರ್ಡು ಕೊಟ್ಟು ಒಂದು ಗಂಟೆ ಆಡಬಹುದು. ಮಧ್ಯಾಹ್ನ ಯಾರೂ ಇಲ್ಲದಾಗ ಪರದೆ ಎಳೆದ ಆ ಕೋಣೆ ನೀರೊಳಗಿನ ಕೋಣೆಯಂತಿರುತ್ತದೆ. ಟೀವಿಗಳ ನೀಲಿ ಬೆಳಕಿನಲ್ಲಿ ಧೂಳು ಮೀನುಮರಿಗಳ ಹಾಗೆ ಸುಮ್ಮನೆ ತೇಲುತ್ತದೆ.

ಗ್ರಂಥಪಾಲಕಿಯ ಮುಖ್ಯಸ್ಥರನ್ನು ಸಿಬ್ಬಂದಿಯೆಲ್ಲ ಬೆನ್ನ ಹಿಂದೆ ‘ಠಸ್ಸೆ’ ಎನ್ನುತ್ತಾರೆ. ಸಹಿಯ ಕೆಳಗೆ ಠಸ್ಸೆ ಒತ್ತಿ, ಶಾಯಿ ಒಣಗುವವರೆಗೂ ಊದುತ್ತ ಕೂರುವ ಮನುಷ್ಯ. ಅವರು ಸೋಮವಾರ ಅವಳನ್ನು ಕರೆದು, ಆ ಕೋಣೆಗೆ ಜೆರಾಕ್ಸ್ ಮಷಿನ್ ಬರುತ್ತದೆ, ಒಂದು ಟೀವಿ ಒಂದು ಪೆಟ್ಟಿಗೆಗೆ ಮಾತ್ರ ಜಾಗ, ಎರಡನ್ನೂ ಹೋಲಿಸಿ ಯಾವುದನ್ನು ಉಳಿಸಬೇಕೆಂದು ಒಂದು ಪುಟದ ವರದಿ ಕೊಡಿ, ಶುಕ್ರವಾರ ಐದು ಗಂಟೆಯೊಳಗೆ, ಎಂದರು.

ಅವಳಿಗೆ ವರದಿಯ ಕೊನೆಯ ಸಾಲು ಆಗಲೇ ಗೊತ್ತಿತ್ತು. ಒಂಬತ್ತನೆಯ ವಯಸ್ಸಿನಿಂದ ಅವಳು ಕಪ್ಪು ಪಕ್ಷ.

2

ಅವಳಿಗೆ ಒಂಬತ್ತು, ಅಕ್ಕನಿಗೆ ಹನ್ನೆರಡು ಇದ್ದಾಗ ಅಪ್ಪ ಅಮ್ಮ ಬೇರೆಯಾದರು. ಮಕ್ಕಳನ್ನು ಸಮನಾಗಿ ಹಂಚಿಕೊಂಡರು: ಅಕ್ಕ ಅಪ್ಪನ ಹತ್ತಿರ, ಇವಳು ಅಮ್ಮನ ಹತ್ತಿರ. ಆ ವರ್ಷ ಅಮ್ಮ ಕಪ್ಪು ಪೆಟ್ಟಿಗೆ ತಂದಳು. ಸುದ್ದಿ ಹೇಗೋ ಮುಟ್ಟಿ, ವಾರದೊಳಗೆ ಅಪ್ಪ ಬಿಳಿ ಪೆಟ್ಟಿಗೆ ತಂದರು. ಕಂಪನಿಗಳ ನಡುವಿನ ಯುದ್ಧವೆಲ್ಲ ಈ ಯುದ್ಧದ ಮುಂದೆ ಏನೂ ಅಲ್ಲ.

ಭಾನುವಾರ ಮೂರು ಗಂಟೆಗೆ ಅಕ್ಕನ ಫೋನು ಬರುತ್ತಿತ್ತು. ಇತ್ತ ಕಡೆಯಿಂದ ಮಾಡುವ ಹಾಗಿಲ್ಲ, ಅವಳೇ ಮಾಡಬೇಕು. ಮಾತೆಲ್ಲ ಪಿಸುದನಿಯಲ್ಲಿ. ಆಟದ ಗುಟ್ಟು ಯಾರಿಗೂ ಕೇಳಿಸಬಾರದು, ಅದಕ್ಕೇ ಹೀಗೆ ಎಂದುಕೊಂಡಿದ್ದಳು ತಂಗಿ. ನಮ್ಮದರಲ್ಲಿ ಕಾರಿನ ರೇಸಿದೆ, ನಿಮ್ಮದರಲ್ಲಿ? ನಮ್ಮದರಲ್ಲಿ ಹಾರುವ ಹಡಗಿದೆ, ನಿಮ್ಮದರಲ್ಲಿ? ಅಕ್ಕ ಪ್ರತಿ ವಾರ ಒಂದೇ ಆಟದ ಬಗ್ಗೆ ಹೇಳುತ್ತಿದ್ದಳು. ಕೈಯಲ್ಲಿ ತುಂಬಿದ ನೀರಿನ ಲೋಟ. ಉದ್ದದ ಪಡಸಾಲೆ, ಏಳು ಬಾಗಿಲು. ನೆಲದ ಕಪ್ಪು ಚೌಕಗಳ ಮೇಲೆ ಕಾಲಿಟ್ಟರೆ ಸದ್ದಿಲ್ಲ, ಬಿಳಿ ಚೌಕ ತುಳಿದರೆ ಕಿರ್ರ್ ಎನ್ನುತ್ತದೆ. ಐದನೆಯ ಬಾಗಿಲ ಒಳಗೆ ಕರಡಿ ಮಲಗಿದೆ. ಕರಡಿ ಎದ್ದರೆ ಆಟ ಮೊದಲಿಂದ. ಏಳನೆಯ ಬಾಗಿಲ ಹಿಂದೆ ಏನಿದೆ? “ಇನ್ನೂ ಅಲ್ಲಿಗೆ ಹೋಗಿಲ್ಲ,” ಎನ್ನುತ್ತಿದ್ದಳು ಅಕ್ಕ.

ಒಂದು ಭಾನುವಾರ ಅಕ್ಕ, ಇವತ್ತು ಕರಡಿ ಎದ್ದುಬಿಟ್ಟಿತ್ತು ಎಂದಳು. ತಂಗಿ ಬಿದ್ದು ಬಿದ್ದು ನಕ್ಕಳು.

“ಸೋತೆ ಹಾಗಾದ್ರೆ. ಸೇವ್ ಮಾಡ್ಕೊಂಡಿರ್ಲಿಲ್ವಾ?”

ಅಕ್ಕನ ಪಿಸುದನಿ ಇನ್ನಷ್ಟು ತಗ್ಗಿತು.

“ನಮ್ದರಲ್ಲಿ ಸೇವ್ ಇಲ್ಲ.”

ತಂಗಿ ಫೋನಿಟ್ಟವಳೇ ಅಡುಗೆಮನೆಗೆ ಓಡಿ, ಬಿಳಿ ಪೆಟ್ಟಿಗೆಯಲ್ಲಿ ಸೇವ್ ಮಾಡುವುದಕ್ಕೇ ಆಗುವುದಿಲ್ಲವಂತೆ ಎಂದು ಅಮ್ಮನ ಮುಂದೆ ಕುಣಿದಾಡಿದಳು. ಅಮ್ಮನೂ ಗೆದ್ದವಳಂತೆ ನಕ್ಕಳು.

2, ಮತ್ತೊಮ್ಮೆ

(ಹಿಂದಿನ ಭಾಗವನ್ನು ಕಥೆಯ ಕೊನೆಗಿಟ್ಟು ನಿಮ್ಮನ್ನು ಬೆಚ್ಚಿಬೀಳಿಸಬೇಕು ಎಂಬ ಆಸೆ ನನಗಿತ್ತು. ಹೊರದೇಶದ ಕಾದಂಬರಿಗಳ ಅನುವಾದ ಓದಿ ಓದಿ ಅಂಟಿದ ಚಟ. ಗ್ರಂಥಪಾಲಕಿ ಒಪ್ಪಲಿಲ್ಲ. “ನಂಗೆ ಮೊದಲೇ ಗೊತ್ತಿರೋದನ್ನ ಓದೋರಿಂದ ಯಾಕೆ ಮುಚ್ಚಿಡ್ತೀರಿ? ಕಾರ್ಡಿಲ್ಲದೆ ಪುಸ್ತಕ ಎತ್ಕೊಂಡು ಹೋದ ಹಾಗೆ ಅದು,” ಎಂದಳು. ಅವಳ ಕೆಲಸದ ಭಾಷೆಯಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.)

ಗುರುವಾರ ಮಧ್ಯಾಹ್ನ ಅವಳು ಕೋಷ್ಟಕ ತುಂಬುತ್ತ ಕೂತಿದ್ದಳು. ಆಟಗಳ ಸಂಖ್ಯೆ: ಕಪ್ಪು ಮುಂದೆ. ಇಬ್ಬರು ಕೂಡಿ ಆಡುವಂಥವು: ಬಿಳಿ ಮುಂದೆ, ಒಪ್ಪಿಕೊಳ್ಳಲೇಬೇಕು. ಫ್ಯಾನಿನ ಸದ್ದು: ಕಪ್ಪು ಹಳೆ ಮಿಕ್ಸಿ, ಬಿಳಿ ಇದೆಯೋ ಇಲ್ಲವೋ ಎಂಬಂತೆ. ಸೇವ್ ಸೌಲಭ್ಯ: ಕಪ್ಪಿನ ಕೆಳಗೆ ‘ಇದೆ’ ಎಂದು ಬರೆದಳು. ಬಿಳಿಯ ಕೆಳಗೆ ‘ಇಲ್ಲ’ ಎಂದು, ನೋಡುವ ಗೋಜಿಗೂ ಹೋಗದೆ, ಬರೆದಳು.

ಧೂಳು ಒರೆಸಲೆಂದು ಬಿಳಿ ಪೆಟ್ಟಿಗೆಯನ್ನು ತಿರುಗಿಸಿದಾಗ ಹಿಂದೆ ಒಂದು ಸೀಳು ಕಂಡಿತು. ಅದರೊಳಗೆ ಬೆರಳುಗುರಿನಷ್ಟು ಅಗಲದ ಮೆಮೊರಿ ಕಾರ್ಡು. ಪೆಟ್ಟಿಗೆ ಚಾಲೂ ಮಾಡಿ ತೆರೆದರೆ ಉದ್ದದ ಪಟ್ಟಿ. ಎಷ್ಟೋ ವರ್ಷಗಳ ಸದಸ್ಯರು ಅರ್ಧಕ್ಕೆ ನಿಲ್ಲಿಸಿದ ಆಟಗಳೆಲ್ಲ ಅಲ್ಲಿ ಮಲಗಿದ್ದವು. ಒಬ್ಬರು ತಮ್ಮದಕ್ಕೆ ‘ಊಟ ಆದಮೇಲೆ’ ಎಂದು ಹೆಸರಿಟ್ಟಿದ್ದರು. ಇನ್ನೊಬ್ಬರು, ‘ನಾಳೆ ಬರ್ತೀನಿ’. ಅವಳು ‘ನಾಳೆ ಬರ್ತೀನಿ’ಯನ್ನು ತೆರೆದಳು. ಒಬ್ಬ ದೋಣಿಯವನು ಮಂಜು ಮುಸುಕಿದ ಕೆರೆಯ ನಡುವೆ ಹುಟ್ಟು ಎತ್ತಿಕೊಂಡು ನಿಂತಿದ್ದ. ಪಟ್ಟಿಯಲ್ಲಿದ್ದ ತಾರೀಖು ನಂಬಿದರೆ, ಹನ್ನೊಂದು ವರ್ಷದಿಂದ ಹಾಗೇ ನಿಂತಿದ್ದ. ಹುಟ್ಟಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಡ್ರಾಯರಿನಿಂದ ಕೈಪಿಡಿ ತೆಗೆದಳು. ನಾಲ್ಕನೆಯ ಪುಟ: ಮೊಟ್ಟಮೊದಲ ಮಾದರಿಯಿಂದಲೇ ಸೇವ್ ಇದೆ.

ಮತ್ತೆ ಅಕ್ಕ ಯಾಕೆ ಹಾಗೆಂದಳು?

3

ಅವಳು ಅಕ್ಕನ ಕರಡಿ ಆಟವನ್ನು ಹುಡುಕಿದಳು. ಇಪ್ಪತ್ತೇಳರಲ್ಲಿ ಇರಲಿಲ್ಲ. ಬಿಳಿ ಕಂಪನಿ ಹೊರತಂದ ಅಷ್ಟೂ ಆಟಗಳ ಪಟ್ಟಿ ತೆಗೆದಳು: ಆರುನೂರ ಹನ್ನೆರಡು. ಕನ್ನಡಕ ಏರಿಸಿ, ಬೆರಳಿಟ್ಟು, ಒಂದೊಂದನ್ನೇ ಓದಿದಳು. ಅಕ್ಷರಗಳು ಮಂಜಾಗುತ್ತಿದ್ದವು. ಕರಡಿಗಳು ಮೂರು ಸಿಕ್ಕವು. ಒಂದು ಸ್ಕೇಟಿಂಗ್ ಮಾಡುತ್ತಿತ್ತು, ಒಂದರ ಕೈಯಲ್ಲಿ ಕೋವಿ ಇತ್ತು, ಇನ್ನೊಂದು ಹತ್ತಿಯ ಗೊಂಬೆ. ಮಲಗಿದ ಕರಡಿ ಒಂದೂ ಇಲ್ಲ.

(ಇಲ್ಲಿ ಅವಳಿಗೊಂದು ಕನಸು ಬೀಳಿಸೋಣವೆಂದು ಎರಡು ಪುಟ ಬರೆದಿದ್ದೆ. “ನಂಗೆ ಕನಸು ಬೀಳಲ್ಲ, ಎದೆಯುರಿ ಮಾತ್ರ,” ಎಂದಳು. ಹರಿದುಹಾಕಿದೆ.)

ಆದರೆ ಪಟ್ಟಿ ಮುಚ್ಚಿ ತಲೆಯೆತ್ತಿದಾಗ, ಎಚ್ಚರವಿದ್ದಂತೆಯೇ, ಅವಳಿಗೊಂದು ಪಡಸಾಲೆ ಕಂಡಿತು. ಅಪ್ಪನ ಮನೆಗೆ ಅವಳು ಹೋದದ್ದು ಎರಡೇ ಸಲ. ಕಪ್ಪು ಬಿಳಿ ಚೌಕಗಳ ನೆಲ. ಐದನೆಯ ಬಾಗಿಲು ಅಪ್ಪನ ಕೋಣೆ, ಮಧ್ಯಾಹ್ನ ಅವರು ಮಲಗಿದರೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಪಡಸಾಲೆಯ ತುದಿಯಲ್ಲಿ, ಏಳನೆಯ ಬಾಗಿಲ ಹಿಂದೆ, ಸ್ಟೂಲಿನ ಮೇಲೆ ಇದ್ದದ್ದು ಫೋನು.

ಅವಳು ತುಂಬ ಹೊತ್ತು ಅಲ್ಲಾಡಲಿಲ್ಲ. ಟೀವಿಯಲ್ಲಿ ದೋಣಿಯವನೂ ಅಲ್ಲಾಡಲಿಲ್ಲ. ಅಪ್ಪ ಹೋಗಿ ನಾಲ್ಕು ವರ್ಷ, ಕೇಳುವಂತಿಲ್ಲ. ಅಕ್ಕ ಹದಿನಾರಕ್ಕೆ ಅಮ್ಮನ ಮನೆಗೆ ಬಂದಾಗ ಬಿಳಿ ಪೆಟ್ಟಿಗೆ ತಂದಿರಲಿಲ್ಲ, ಆ ಆಟದ ಮಾತನ್ನೂ ತಂದಿರಲಿಲ್ಲ. ಈಗ ಎರಡು ಬೀದಿಯಾಚೆ ಕನ್ನಡಕದ ಅಂಗಡಿ ಇಟ್ಟಿದ್ದಾಳೆ. ವಾರಕ್ಕೊಮ್ಮೆ ಸಿಗುತ್ತಾರೆ, ಕಾಫಿ ಕುಡಿಯುತ್ತಾರೆ, ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ತಾನು ಅವತ್ತು ನಕ್ಕದ್ದು ಯಾವುದಕ್ಕೆ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು. ಕಪ್ಪೋ ಬಿಳಿಯೋ ಎಂಬುದು ಈಗ ಯಾರಿಗೆ ಬೇಕಿತ್ತು?

4

ಶುಕ್ರವಾರ ಮೂರು ಗಂಟೆಗೆ ವರದಿಯನ್ನು ಚೀಲದಲ್ಲಿಟ್ಟುಕೊಂಡು ಅಕ್ಕನ ಅಂಗಡಿಗೆ ಹೋದಳು. ಅಕ್ಷರ ಮಂಜಾಗ್ತಿದೆ, ನಂಬರ್ ನೋಡು ಎಂದಳು. ಸುಳ್ಳೂ ಅಲ್ಲ. ಒಳಕೋಣೆಯ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಉಕ್ಕಿನ ಫ್ರೇಮು ಏರಿಸಿ, ಅಕ್ಕ ಗಾಜು ಬದಲಿಸತೊಡಗಿದಳು.

“ಒಂದನೇದು ಚೆನ್ನಾಗಿದೆಯಾ, ಎರಡನೇದಾ?”

“ಎರಡನೇದು.”

“ಈಗ?”

“ಎರಡೂ ಒಂದೇ ತರ. ಅಕ್ಕಾ, ಕರಡಿ ಆಟ ಇತ್ತಲ್ಲ, ಅದರ ಹೆಸರೇನು?”

ಅಕ್ಕ ಗಾಜುಗಳ ಪೆಟ್ಟಿಗೆಯನ್ನು ಮುಚ್ಚಿದಳು. “ನಿನ್ನ ಕಣ್ಣು ತೋರಿಸೋಕೆ ಬಂದ್ಯೋ, ನನ್ನ ಕಣ್ಣು ನೋಡೋಕೆ ಬಂದ್ಯೋ?”

ಇಲ್ಲಿಂದ ಮುಂದಕ್ಕೆ ನನ್ನ ಬಳಿ ಎರಡು ಗಾಜುಗಳಿವೆ.

ಒಂದನೆಯದು: ಅಕ್ಕ ಅಳುತ್ತಾಳೆ, ತಂಗಿ ಕ್ಷಮೆ ಕೇಳುತ್ತಾಳೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಸಂಜೆಯ ಬಿಸಿಲು ಅಂಗಡಿಯ ಇನ್ನೂರು ಫ್ರೇಮುಗಳ ಮೇಲೆ ಒಟ್ಟಿಗೆ ಬೀಳುತ್ತದೆ.

ಎರಡನೆಯದು: ಅಕ್ಕ ಡ್ರಾಯರ್ ತೆಗೆದು, ಹೆಸರಿಲ್ಲದ ಹಳೆಯ ಡಿಸ್ಕೊಂದನ್ನು ಕೊಡುತ್ತಾಳೆ. ಆಟ ನಿಜವಾಗಿ ಇತ್ತು, ಯಾವ ಪಟ್ಟಿಯಲ್ಲೂ ಸೇರದೆ ಉಳಿದಿತ್ತು. ತಂಗಿ ಅಂದು ನಕ್ಕದ್ದು ಬರೀ ಆಟಕ್ಕೆ, ತಪ್ಪೇನಿಲ್ಲ.

ಒಂದನೆಯದಾ, ಎರಡನೆಯದಾ?

(“ಎರಡೂ ಬೇಡ,” ಎಂದಳು ಅಕ್ಕ, ನನಗೆ. “ನಾನು ಗಿರಾಕಿ ಮುಂದೆ ಅಳಲ್ಲ. ಮತ್ತೆ ನನ್ನ ಡ್ರಾಯರಲ್ಲಿ ಸ್ಕ್ರೂ ಬಿಟ್ಟು ಬೇರೆ ಏನಿಲ್ಲ.” ಕರಡಿ ಎಂದರೆ ನಿಮ್ಮ ಅಪ್ಪ ತಾನೇ ಎಂದು ಕೇಳಿದೆ. “ಕರಡಿ ಅಂದ್ರೆ ಕರಡಿ. ನಿಮ್ಮಂಥವರಿಗೆ ಒಂದು ಪ್ರಾಣೀನ ಪ್ರಾಣಿಯಾಗಿ ಬಿಡೋಕೆ ಆಗಲ್ವಾ?” ಎಂದಳು. ನನ್ನ ಪೆನ್ನಿಗೆ ಮುಚ್ಚಳ ಹಾಕಿದೆ.)

4, ಅಕ್ಕ ಹೇಳಿದಂತೆ

ಅಕ್ಕ ತಂಗಿಯ ತಲೆಯನ್ನು ಹಿಂದಕ್ಕೆ ಬಾಗಿಸಿ, ಎರಡೂ ಕಣ್ಣಿಗೆ ಹನಿ ಹಾಕಿದಳು. ಪಾಪೆ ಹಿಗ್ಗಬೇಕು, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿಕೊಂಡಿರು ಎಂದಳು. ಬೆಳಕು ಮೊದಲು ಹತ್ತಿಯಂತಾಗಿ, ಆಮೇಲೆ ರೆಪ್ಪೆಯ ಹಿಂದಿನ ಕಿತ್ತಳೆ ಬಣ್ಣವಾಯಿತು. ಅಷ್ಟರಲ್ಲಿ ಚೀಲದಲ್ಲಿ ಮೊಬೈಲ್ ಹೊಡೆದುಕೊಂಡಿತು. ಅಕ್ಕನೇ ತೆಗೆದು ತಂಗಿಯ ಕಿವಿಗೆ ಹಿಡಿದಳು. ಠಸ್ಸೆ.

“ಕಾಣಿಸ್ತಿಲ್ಲ ಸಾರ್, ಕಣ್ಣಿಗೆ ಔಷಧಿ ಹಾಕಿದ್ದಾರೆ,” ಎಂದಳು ತಂಗಿ. “ವರದಿ ಬರೆದಿದ್ದೀನಿ. ಒಂದು ಸಾಲು ಹೊಡೆದುಹಾಕಬೇಕು, ಅಷ್ಟೇ. ಸೋಮವಾರ ಕೊಡ್ತೀನಿ.”

ಮೊಬೈಲ್ ಚೀಲಕ್ಕೆ ಹೋದ ಸದ್ದು. ಕುರ್ಚಿ ಎಳೆದ ಸದ್ದು. ಕೊನೆಗೆ ಅಕ್ಕನ ದನಿ, ತೀರ ಹತ್ತಿರದಿಂದ. ಮುಖವಿಲ್ಲದ, ತಗ್ಗಿದ ದನಿ. ಇಪ್ಪತ್ತೈದು ವರ್ಷದ ಹಿಂದೆ ಭಾನುವಾರದ ತಂತಿಯಲ್ಲಿ ಬರುತ್ತಿದ್ದದ್ದು ಇದೇ.

“ಆಟಕ್ಕೆ ಹೆಸರಿಟ್ಟಿರ್ಲಿಲ್ಲ. ನಿಂಗೆ ಹೇಳೋಕೆ ಏನಾದ್ರೂ ಬೇಕಿತ್ತಲ್ಲ. ಆ ಬಿಳಿ ಪೆಟ್ಟಿಗೆ ಮುಟ್ಟಿದ್ರೆ ಅಪ್ಪಂಗೆ ಆಗ್ತಿರ್ಲಿಲ್ಲ, ಹಾಳಾಗುತ್ತೆ ಅಂತ. ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ರು.”

“ನಾನು ನಕ್ಕುಬಿಟ್ಟೆ, ಅಕ್ಕಾ. ಕರಡಿ ಎದ್ದಿತ್ತು ಅಂದಾಗ.”

“ಹೌದು. ಚೆನ್ನಾಗಿ ನಗ್ತಿದ್ದೆ. ಆ ಮನೇಲಿ ವಾರವಿಡೀ ಕೇಳಿಸ್ತಿದ್ದ ನಗು ಅದೊಂದೇ. ಆಮೇಲೆ ಎಷ್ಟೋ ಸಲ ಕರಡಿ ಎದ್ದೇ ಇರ್ತಿರ್ಲಿಲ್ಲ, ನೀನು ನಗಲಿ ಅಂತ ಎಬ್ಬಿಸ್ತಿದ್ದೆ.”

ತಂಗಿಯ ಮುಚ್ಚಿದ ರೆಪ್ಪೆಗಳಿಂದ ನೀರು ಇಳಿಯಿತು. ಹನಿಯದೇ ಇರಬಹುದು. ಅಕ್ಕ ಹತ್ತಿಯಿಂದ ಒರೆಸಿದಳು.

“ಕೈಯಲ್ಲಿ ನೀರಿನ ಲೋಟ ಯಾಕಿತ್ತು?” ತಂಗಿ ಕೇಳಿದಳು. “ಅದೊಂದು ನಂಗೆ ಅರ್ಥವೇ ಆಗ್ಲಿಲ್ಲ.”

“ಕರಡಿ ಎದ್ದು, ಎಲ್ಲಿಗೆ ಹೋಗ್ತಿದ್ದೀಯಾ ಅಂತ ಕೇಳಿದ್ರೆ? ನೀರು ಕುಡಿಯೋಕೆ ಎದ್ದೆ ಅನ್ನಬೇಕಲ್ಲ.”

ಅಂಗಡಿಯ ಗೋಡೆ ಗಡಿಯಾರ, ಹೊರಗೆ ಹಾದುಹೋದ ಸೈಕಲ್ಲು, ಎಲ್ಲ ನೀರೊಳಗಿನಿಂದ ಕೇಳಿಸಿದಂತಿತ್ತು. ಅಕ್ಕ ಎದ್ದುಹೋದಳು. ನಲ್ಲಿ ತಿರುಗಿಸಿದ ಸದ್ದು. ಮರಳಿ ಬಂದವಳು ತಂಗಿಯ ಎರಡೂ ಕೈಗಳನ್ನು ಬಿಡಿಸಿ, ತಣ್ಣಗಿನ ಏನನ್ನೋ ಇಟ್ಟಳು. ಲೋಟ. ಅಂಚಿನವರೆಗೂ ತುಂಬಿತ್ತು. ಹೆಬ್ಬೆರಳಿಗೆ ನೀರು ತಾಗಿತು.

“ಕಣ್ಣು ತೆರೀಬೇಡ. ಇನ್ನೂ ಹದಿನೈದು ನಿಮಿಷ ಇದೆ. ಏಳು. ಪಡಸಾಲೆ ಗೊತ್ತಲ್ಲ?”

“ಕಪ್ಪು ಚೌಕ ಮಾತ್ರ.”

“ಕಪ್ಪು ಚೌಕ ಮಾತ್ರ. ನಾನು ಹಿಂದೆ ಇದ್ದೀನಿ. ಈ ಆಟ ಇಬ್ಬರು ಆಡಬಹುದು ಅಂತ ನಿಂಗೆ ಹೇಳಿರ್ಲಿಲ್ಲ ಅಲ್ವಾ?”

ತಂಗಿ ಎತ್ತರದ ಕುರ್ಚಿಯಿಂದ ಒಂದು ಕಾಲನ್ನು ಕೆಳಗೆ ಬಿಟ್ಟಳು. ನೆಲ ಎಷ್ಟು ಕೆಳಗಿದೆಯೋ, ಯಾವ ಬಣ್ಣದ್ದೋ, ಅವಳಿಗೆ ಕಾಣುತ್ತಿರಲಿಲ್ಲ.

ನೀರು ಚೆಲ್ಲಿತೇ ಎಂದು ನೀವು ಕೇಳುತ್ತೀರಿ. ಏಳನೆಯ ಬಾಗಿಲ ಹಿಂದೆ ಫೋನಿತ್ತೇ, ಬರೀ ಕನ್ನಡಕದ ಅಂಗಡಿಯ ಗೋಡೆಯಿತ್ತೇ, ಜೆರಾಕ್ಸ್ ಮಷಿನ್ ಬಂದಾಗ ಯಾವ ಪೆಟ್ಟಿಗೆ ಉಳಿಯಿತು, ಎಂದೂ. ನಾನು ಮುಂದಿನ ಸಾಲಿಗೆ ಪೆನ್ನಿನ ಮುಚ್ಚಳ ತೆಗೆದೆ. ಅಕ್ಕ ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ. ಈ ಕಥೆಯಲ್ಲಿ ಸೇವ್ ಇಲ್ಲ, ಅದು ನನಗೂ ಗೊತ್ತು. ನೀವೂ ಸ್ವಲ್ಪ ಸದ್ದು ಮಾಡದೆ ಪುಟ ಮುಚ್ಚಿ. ತಂಗಿಯ ಕಾಲಿನ ಹೆಬ್ಬೆರಳು ನೆಲಕ್ಕೆ ತಾಗುವುದರಲ್ಲಿದೆ.