ಪೆತ್ರೋನಿಲಾಳ ಮನೆಗೆಲಸದವಳು

ಸ್ಪೇನಿನ ರಾಜ ಆಳುತ್ತಿದ್ದ ಕಡಲಾಚೆಯ ಪುಯೆಬ್ಲಾ ಪಟ್ಟಣದಲ್ಲಿ ಚಾಕೊಲೇಟ್ ಕಾಸಿ ಮಾರುತ್ತಿದ್ದ ಪೆತ್ರೋನಿಲಾ, ಧರ್ಮವಿಚಾರಣೆಯ ಪಾದ್ರಿಯ ಮುಂದೆ ನಿಂತಾಗಲೂ ತಲೆ ತಗ್ಗಿಸಲಿಲ್ಲ. ತಗ್ಗಿಸುವ ಜಾಯಮಾನವೇ ಅವಳದ್ದಲ್ಲ. ಗಂಡನನ್ನು ಒಲಿಸಿಕೊಳ್ಳಬೇಕು, ಚಾಕೊಲೇಟಿಗೆ ವಶೀಕರಣದ ಮದ್ದು ಬೆರೆಸಿಕೊಡು ಎಂದು ದೊಡ್ಡ ಮನೆಯ ದೋನ್ಯಾ ಲಿಯೊಕಾದಿಯಾ ಗೋಗರೆದಿದ್ದಳು, ಇವಳು ಬೆರೆಸಿಕೊಟ್ಟಿದ್ದಳು. ಗಂಡ ಒಲಿಯಲಿಲ್ಲ. ಒಲಿದಿದ್ದರೆ ದೂರೂ ಬರುತ್ತಿರಲಿಲ್ಲ ಬಿಡಿ. ಈಗ ಆ ದೊಡ್ಡ ಮನೆಯವಳು ಬಾಯಿ ಒರೆಸಿಕೊಂಡು ಹಾಯಾಗಿದ್ದಳು. ಇವಳಿಗೆ ಕತ್ತೆ ಮೇಲೆ ಮೆರವಣಿಗೆ, ಬೀದಿ ಬೀದಿಯಲ್ಲಿ ಚಾಟಿಯೇಟು ಕಾದಿತ್ತು.

ಆದರೆ ಪಾರಾಗಲು ಒಂದು ದಾರಿಯಿತ್ತು. ಸ್ಪೇನಿನವರು, ಬೆರಕೆಯವರು, ಕರಿಯರು ಎಲ್ಲರೂ ಈ ವಿಚಾರಣಾ ಪೀಠಕ್ಕೆ ಹೆದರಬೇಕು. ಈ ನೆಲದ ಮೂಲದವರಾದ ಇಂಡಿಯೋ ಜನರನ್ನು ಮಾತ್ರ ಅದು ಮುಟ್ಟುವಂತಿಲ್ಲ. ಮೊನ್ನೆ ಮೊನ್ನೆ ಧರ್ಮಕ್ಕೆ ಬಂದ ಎಳೆಗೂಸುಗಳು ಎಂದು ರಾಜನೇ ಅವರನ್ನು ಬಿಟ್ಟಿದ್ದ. ಅವರು ತಪ್ಪು ಮಾಡಿದರೆ ಬಿಷಪ್ಪರ ನ್ಯಾಯಾಧೀಶ ಒಂದಷ್ಟು ಬೈದು, ಇಗರ್ಜಿ ಗುಡಿಸಲು ಹಚ್ಚಿ ಕಳಿಸುತ್ತಿದ್ದ. ಎಲ್ಲರ ಕಾಲಡಿ ಇರುವವರಿಗೆ ಸಿಕ್ಕಿದ್ದ ಒಂದೇ ಲಾಭ ಅದು.

ಪೆತ್ರೋನಿಲಾ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಇಂಡಿಯೋ. ಹರೆಯದಿಂದಲೂ ಅದನ್ನು ರೇಷ್ಮೆ ಲಂಗದಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದಳು. ಅಪ್ಪ ಸ್ಪೇನಿನಿಂದ ಬಂದ ಸಿಪಾಯಿ ಎಂದು ಕಥೆ ಕಟ್ಟಿದ್ದಳು. ಹೆತ್ತ ತಾಯಿ ಅನಾ ಶೋಕೊಳನ್ನು ಗಿರಾಕಿಗಳ ಮುಂದೆ ಮನೆಗೆಲಸದವಳು ಎನ್ನುತ್ತಿದ್ದಳು. ಮುದುಕಿ ಎಂದೂ ಎದುರಾಡದೆ ಕಲ್ಲಿನ ಮೇಲೆ ಚಾಕೊಲೇಟಿನ ಕೋಕೋ ಬೀಜ ಅರೆದುಕೊಂಡು ಇದ್ದಳು.

"ನಾನು ಇಂಡಿಯೋ. ನನ್ನನ್ನ ವಿಚಾರಿಸೋ ಹಕ್ಕು ತಮಗಿಲ್ಲ, ಸ್ವಾಮಿ. ಬೇಕಿದ್ರೆ ನಮ್ಮಮ್ಮನ್ನ ಕರೆಸಿ ಕೇಳಿ" ಎಂದಳು ಪೆತ್ರೋನಿಲಾ, ಚಾಕೊಲೇಟಿನ ಬೆಲೆ ಹೇಳುವಷ್ಟು ಸಲೀಸಾಗಿ.

ಪಾದ್ರಿ ಅವಳ ಲಂಗವನ್ನೂ ಮುತ್ತಿನ ಓಲೆಯನ್ನೂ ನೋಡಿ ನಕ್ಕ. ತಮ್ಮ ರಕ್ತ ಶುದ್ಧವೆಂದು ಸಾಧಿಸಲು ಆಸ್ತಿ ಮಾರಿಕೊಂಡವರನ್ನು ಕಂಡಿದ್ದೇನೆ, ತಾನು ಕೀಳೆಂದು ಸಾಧಿಸಲು ಹೊರಟವಳು ನೀನೇ ಮೊದಲು ಎಂದ. ಆದರೂ ಮುದುಕಿಯನ್ನೂ, ಅವಳ ಮಾತು ತಿಳಿಸಲು ಒಬ್ಬ ದುಭಾಷಿಯನ್ನೂ ಕರೆಸಿದ.

ಅನಾ ಶೋಕೊ ಹತ್ತಿಯ ಸಡಿಲ ಅಂಗಿ ತೊಟ್ಟು ಬರಿಗಾಲಲ್ಲಿ ಬಂದಳು. ಈಕೆ ನಿನಗೇನಾಗಬೇಕು ಎಂದು ಪಾದ್ರಿ ಕೇಳಿದ. ಪೆತ್ರೋನಿಲಾಗೆ ಚೂರೂ ಅಳುಕಿರಲಿಲ್ಲ.

"ನಮ್ಮ ಒಡತಿ, ಬುದ್ಧಿ" ಎಂದಳು ಮುದುಕಿ. "ನಾನು ಇವರ ಮನೇಲಿ ಕೆಲಸಕ್ಕಿರೋಳು. ಇವರಪ್ಪ ಸ್ಪೇನಿಂದ ಬಂದ ಸಿಪಾಯಿ."

ಪೆತ್ರೋನಿಲಾ ಗಕ್ಕನೆ ತಾಯಿಯತ್ತ ತಿರುಗಿದಳು. ಮುದುಕಿ ಹಗೆಯಿಂದ ಹೇಳಿದ್ದಲ್ಲ. ಮಗಳಿಗೆ ಕಷ್ಟ ಬಂದಿದೆ, ಕಲಿಸಿದ ಪಾಠ ತಪ್ಪದೆ ಒಪ್ಪಿಸಿದರೆ ಉಳಿಸಿಕೊಳ್ಳಬಹುದು ಎಂದು ನಂಬಿದ್ದಳು. ಆ ಪಾಠ ಕಲಿಸಿದವಳು ತಾನೇ ಎಂದು ಪೆತ್ರೋನಿಲಾಗೆ ನಾಚಿಕೆಯಾಯಿತು. ಚಾಟಿಯ ಭಯಕ್ಕಿಂತ ಆ ನಾಚಿಕೆಯೇ ಹೆಚ್ಚು ಸುಟ್ಟಿತು.

ಅವಳು ಓಲೆ ಬಿಚ್ಚಿ ಪಾದ್ರಿಯ ಮೇಜಿನ ಮೇಲಿಟ್ಟಳು. ಎಲ್ಲರೆದುರು ತಾಯಿಯ ಕಾಲ ಬಳಿ ಕಲ್ಲುನೆಲದ ಮೇಲೆ ಮಂಡಿಯೂರಿ, ಬೀದಿಯಲ್ಲಿ ಎಂದೂ ಆಡದ ಮನೆಮಾತಿನಲ್ಲಿ ಹೇಳಿದಳು:

"ಅಮ್ಮಾ, ಸಾಕಮ್ಮ. ನಾನು ನಿನ್ನ ಮಗಳು ಅಂತ ಹೇಳು."

"ಮೆತ್ತಗೆ, ಒಡತಿ. ಯಾರಾದ್ರೂ ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಳಲಿ ಅಂತಾನೇ ಹೇಳ್ತಿರೋದು."

ಮುದುಕಿ ಅವಳ ರಟ್ಟೆ ಹಿಡಿದು ಎಳೆದಳು. "ಏಳೇ ಮೇಲೆ. ತಣ್ಣನೆ ಕಲ್ಲಿನ ಮೇಲೆ ಮಂಡಿಯೂರ್ಬೇಡ ಅಂತ ಹುಟ್ಟಿದಾಗಿಂದ ಬಡ್ಕೋತಿದೀನಿ. ಒಂದು ದಿನ ನನ್ ಮಾತು ಕೇಳಿದೀಯಾ? ನಿಮ್ಮಪ್ಪಂದೇ ಹಟ, ನಮ್ಮ ಇಂಡಿಯೋ ಕೇರಿಲೆಲ್ಲ ಅವನಷ್ಟು ಹಟಮಾರಿ ಇನ್ನೊಬ್ಬ ಇರ್ಲಿಲ್ಲ."

ದುಭಾಷಿ ನಗು ತಡೆದುಕೊಂಡು ಅದನ್ನು ಪಾದ್ರಿಗೆ ತಿಳಿಸಿದ. ಒಡತಿಯನ್ನು ಹೀಗೆ ಗದರಿಸುವ ಕೆಲಸದವಳು ಈ ಲೋಕದಲ್ಲಿಲ್ಲ ಎಂದು ಪಾದ್ರಿ ಒಪ್ಪಿದ. ಪ್ರಕರಣ ಬಿಷಪ್ಪರ ಕಡೆ ಹೋಯಿತು.

ಪೆತ್ರೋನಿಲಾ ಇಗರ್ಜಿ ಗುಡಿಸಿ ಮುಗಿಸಿ ಅಂಗಡಿಗೆ ಮರಳಿದಾಗ ದೊಡ್ಡ ಮನೆಯವರು ಆ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಸುದ್ದಿ ತಿಳಿಯದ ಪರವೂರಿನ ಹೆಂಗಸೊಬ್ಬಳು ಬಂದು, ಹತ್ತಿಯ ಅಂಗಿ ತೊಟ್ಟು ಕಲ್ಲಿನ ಮುಂದೆ ಕೂತಿದ್ದವಳನ್ನು, ನಿಮ್ಮ ಒಡತಿ ಎಲ್ಲಿ ಎಂದು ಕೇಳಿದಳು.

"ಅಗೋ, ಕುರ್ಚಿ ಮೇಲೆ ಕೂತಿದಾಳಲ್ಲ, ನಮ್ಮಮ್ಮ" ಎಂದಳು ಪೆತ್ರೋನಿಲಾ, ಅರೆಯುವುದನ್ನು ನಿಲ್ಲಿಸದೆ. "ಬೆಲೆ ಅವಳನ್ನೇ ಕೇಳಿ."