ಮೇಣದಬತ್ತಿ ಹಚ್ಚುವ ಕೈ

"ಊಟಕ್ಕೆ ಕೂರೋ ಮುಂಚೆ ಕೈ ತೊಳ್ಕೊಂಡು ಬಾರೇ. ಉಗುರಿಗೆಲ್ಲ ಖಾರ ಮೆತ್ಕೊಂಡಿದೆ."

ಟಿವಿಯ ಮುಂದೆ ಕೂತಿದ್ದ ಚಾಂಗ್‌ಸಿಕ್ ಅರೆಗಣ್ಣಲ್ಲಿ ನೋಡಿ ಹೇಳಿದ. ಬೊಕ್‌ಹೀ ಎದ್ದು ಬಂದು ಎಡಗೈಯನ್ನು ಗಂಡನ ಮೂಗಿನ ಮುಂದೆ ಹಿಡಿದಳು.

"ಇದು ಖಾರಾನಾ? ಕನ್ನಡಕ ಹಾಕ್ಕೊಂಡು ನೋಡ್ರೀ."

ಅವನು ಕನ್ನಡಕ ಹಾಕಿಕೊಂಡ. ಐದೂ ಉಗುರು ಕಡುಗೆಂಪಾಗಿದ್ದವು. ಬೆಳಕಿಗೆ ತಿರುಗಿಸಿದರೆ ಕೆಂಪಿನೊಳಗೆ ಸಣ್ಣ ಸಣ್ಣ ಮಿನುಗು ಎದ್ದು ಕಾಣುತ್ತಿತ್ತು.

"ಅಯ್ಯೋ, ನೇಲ್ ಪಾಲಿಶ್! ಅದೂ ಮಿಣ ಮಿಣ ಅನ್ನೋದು. ಈ ವಯಸ್ಸಲ್ಲಿ ಏನೇ ಬಂತು ನಿಂಗೆ?"

"ನನ್ನ ವಯಸ್ಸಿಗೇನಾಗಿದೆ ಧಾಡಿ? ಬರೋ ಶನಿವಾರ ಮಗಳ ಮದುವೆ. ಮೇಣದಬತ್ತಿ ಹಚ್ಚೋರು ಯಾರು, ನೀವಾ?"

  ಅವರ ಕಡೆ ಮದುವೆ ಶುರುವಾಗುವುದೇ ತಾಯಂದಿರಿಂದ. ಬೀಗಿತ್ತಿಯರಿಬ್ಬರೂ ಕೈ ಕೈ ಹಿಡಿದು ನೆಂಟರ ನಡುವೆ ನಡೆದುಹೋಗಿ, ಒಬ್ಬೊಬ್ಬರು ಒಂದೊಂದು ಬತ್ತಿ ಹಚ್ಚಿ, ಒಬ್ಬರಿಗೊಬ್ಬರು ತಲೆಬಾಗಬೇಕು. ಅಷ್ಟು ಹೊತ್ತೂ ಎಲ್ಲರ ಕಣ್ಣು, ಎಲ್ಲರ ಕ್ಯಾಮೆರಾ ಆ ಕೈಗಳ ಮೇಲೇ.

ಬೊಕ್‌ಹೀಯ ನಿದ್ದೆ ಕೆಡಿಸಿದ್ದು ಇದೇ. ಗುನ್‌ಸಾನ್ ಮಾರ್ಕೆಟ್ಟಿನಲ್ಲಿ ಅವಳದು ಕಿಮ್ಚಿ, ಒಣಮೀನು ಪಲ್ಯ ಅಂತ ಅನ್ನಕ್ಕೆ ನಂಜಿಕೊಳ್ಳುವ ಪದಾರ್ಥಗಳನ್ನು ಮಾರುವ ಅಂಗಡಿ. ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ ಎಲ್ಲವನ್ನೂ ಬರಿಗೈಯಲ್ಲೇ ಕಲಸುತ್ತ ಬಂದವಳು. ಗ್ಲೌಸ್ ಹಾಕಿಕೊಂಡರೆ ಕೈರುಚಿ ಪದಾರ್ಥಕ್ಕೆ ಇಳಿಯುವುದಿಲ್ಲ ಎನ್ನುವುದು ಅವಳ ಹಟ. ಗಿರಾಕಿಗಳು ಆ ರುಚಿಗೇ ಬರುತ್ತಿದ್ದರು, ಕೈ ಮಾತ್ರ ಚಳಿಗಾಲದ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. ಬೀಗಿತ್ತಿಯೋ ಪಿಯಾನೋ ಕಲಿಸುವಾಕೆ. ಎರಡೂ ಮನೆಯವರು ಮೊದಲ ಸಲ ಹೋಟೆಲಿನಲ್ಲಿ ಕೂತಾಗ ಆಕೆ ಬೆಳ್ಳಗಿನ ನೀಳ ಬೆರಳುಗಳಿಂದ ಎಲ್ಲರಿಗೂ ಚಹಾ ಬಗ್ಗಿಸಿದ್ದಳು. ಬೊಕ್‌ಹೀ ಕೈಯನ್ನು ಮೇಜಿನ ಕೆಳಗಿಟ್ಟವಳು ನಾಲ್ಕು ತುತ್ತಿಗೆ ಬಿಟ್ಟರೆ ಮೇಲೆ ತೆಗೆಯಲೇ ಇಲ್ಲ. ಅಷ್ಟು ಒಳ್ಳೆ ಊಟ, ಅರೆಹೊಟ್ಟೆಯಲ್ಲೇ ಎದ್ದು ಬಂದಿದ್ದಳು.

ಇವತ್ತು ಮಾರ್ಕೆಟ್ಟಿಗೆ ರಜೆ. ಬಣ್ಣ ಹೇಗೆ ಕಾಣುತ್ತದೋ ನೋಡೋಣ ಅಂತ ಹಚ್ಚಿಕೊಂಡಿದ್ದು. ನಾಳೆ ಅಂಗಡಿ ತೆರೆಯುವ ಮೊದಲು ಒರೆಸಬೇಕು, ಶುಕ್ರವಾರ ಮತ್ತೆ ಹಚ್ಚಬೇಕು. ಬಣ್ಣ ಮಾರುವ ಅಂಗಡಿಯ ಹುಡುಗಿ ತಿಳಿಗುಲಾಬಿ ತಗೊಳ್ಳಿ, ವಯಸ್ಸಾದವರಿಗೆ ಒಪ್ಪುತ್ತೆ ಅಂದಿದ್ದಕ್ಕೇ ಇವಳು ಕಡುಗೆಂಪಿನ ಸೀಸೆ ಎತ್ತಿಕೊಂಡಿದ್ದಳು.

ಎಡಗೈ ಹೇಗೋ ಆಗಿತ್ತು. ಬಲಗೈಗೆ ಹಚ್ಚಹೋದರೆ ಕುಂಚ ನಡುಗಿ ಉಗುರಿಗಿಂತ ಚರ್ಮಕ್ಕೇ ಹೆಚ್ಚು ಬಣ್ಣ ಬಿತ್ತು.

"ಕೊಡಿಲ್ಲಿ," ಅಂದ ಚಾಂಗ್‌ಸಿಕ್. "ಇಡೀ ಜನ್ಮ ಬಸ್ಸು ಓಡಿಸಿದ ಕೈ ಕಣೇ ಇದು. ಗೆರೆ ದಾಟಲ್ಲ."

ನಾಲಗೆಯನ್ನು ತುಟಿಯಂಚಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಅವನು ಒಂದೊಂದೇ ಉಗುರಿಗೆ ಬಣ್ಣ ಎಳೆದ. ಕೊನೆಗೆ ಹೆಬ್ಬೆರಳಲ್ಲಿ ಕುಂಚ ಜಾರಿತು.

"ಹೋಯ್, ಫುಟ್‌ಪಾತ್ ಮೇಲೆ ಹತ್ತಿಸಿದ್ರಲ್ರೀ ಬಸ್ಸನ್ನ!"

"ತಿರುವು ಜೋರಾಗಿತ್ತು," ಅಂದ ಅವನು, ನಗದೇ.

ಅಷ್ಟರಲ್ಲಿ ಫೋನು ಬಂತು. ಹಸಿ ಉಗುರುಗಳನ್ನು ಗಾಳಿಗೆ ಹಿಡಿದಿದ್ದ ಹೆಂಡತಿಯ ಬಾಯಿಯ ಹತ್ತಿರ ಚಾಂಗ್‌ಸಿಕ್ ಸ್ಪೀಕರ್ ಹಾಕಿ ಹಿಡಿದ. ಮಗಳು ಸೊಲ್‌ಬಿಯ ದನಿ ಸಂಭ್ರಮದಲ್ಲಿತ್ತು.

"ಅಮ್ಮಾ, ನಿನ್ನ ಚಿಂತೆ ಎಲ್ಲಾ ಬಗೆಹರೀತು! ಮದುವೆ ಹಾಲ್‌ನವರ ಹತ್ರ ಮಾತಾಡಿದೀನಿ. ಇಬ್ರೂ ಅಮ್ಮಂದಿರಿಗೂ ಬಿಳೀ ಗ್ಲೌಸ್ ಕೊಡ್ತಾರಂತೆ. ಹೋಟೆಲಿಂದ ಬಂದ ರಾತ್ರಿ ಎಷ್ಟು ಅತ್ತೆ ನೀನು, 'ನನ್ನ ಕೈಯಿಂದ ನಿನ್ನ ಮರ್ಯಾದೆ ಹೋಗುತ್ತೆ' ಅಂತ. ಇನ್ನು ಯಾರಿಗೂ ಏನೂ ಕಾಣಲ್ಲ."

ಚಾಂಗ್‌ಸಿಕ್ ಕುಂಚವನ್ನು ಸೀಸೆಗೆ ಇಳಿಬಿಟ್ಟು, "ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು ನನ್ನ ಕೆಲಸ," ಎಂದು ಗೊಣಗಿದ.

 ನಿನ್ನೆಯಾಗಿದ್ದರೆ ಬೊಕ್‌ಹೀ, ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ ಎನ್ನುತ್ತಿದ್ದಳು. ಈಗ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿದಳು. ಬಿರುಕುಗಳು ಎಲ್ಲೂ ಹೋಗಿರಲಿಲ್ಲ, ಗಂಟುಬಿದ್ದ ಬೆರಳುಗಳೂ ಹಾಗೇ ಇದ್ದವು. ಆದರೆ ತುದಿಯಲ್ಲಿ ಕೆಂಪು ಮಿನುಗುತ್ತಿದ್ದ ಇವು ತನ್ನ ಕೈಗಳು ಎಂದು ಅವಳಿಗೆ ಖುಷಿಯಾಯಿತು. ಮುಚ್ಚಿಡಲು ಮನಸ್ಸಾಗಲಿಲ್ಲ.

"ಬೇಡ ಕಣೇ," ಅಂದಳು.

"ಏನು ಬೇಡ?"

"ಗ್ಲೌಸು. ಬರಿಗೈಯಲ್ಲಿ ಕಲಸಿ, ಬರಿಗೈಯಲ್ಲಿ ಬಾಯಿಗಿಟ್ಟು ಬೆಳೆಸಿದೀನಿ ನಿನ್ನ. ಕಳಿಸಿಕೊಡೋವಾಗ ಕೈ ಮುಚ್ಕೊಳ್ಲಾ?"

ಆ ಕಡೆಯಿಂದ ಮೂಗು ಎಳೆದುಕೊಂಡದ್ದು ಕೇಳಿಸಿತು.

"ಮತ್ತೆ... ಅತ್ತೆ ಹಾಕ್ಕೊಂಡ್ರೆ?"

"ಹಾಕ್ಕೊಳ್ಳಲಿ ಬಿಡು. ನನ್ನ ಕೈ ಬಿಡದೆ ನಡೆದ್ರೆ ಸಾಕು."

"ಅಮ್ಮಾ, ನಿಜ ಹೇಳು. ಏನು ಮಾಡ್ಕೊಂಡಿದೀಯ ಕೈಗೆ? ಫೋಟೋ ಕಳಿಸು."

"ಬಲಗೈಯೆಲ್ಲಾ ನಂದು!" ಎಂದು ಚಾಂಗ್‌ಸಿಕ್ ಫೋನಿಗೆ ಬಾಯಿ ಹಾಕಿದ. "ಹೆಬ್ಬೆರಳೊಂದನ್ನ ಬಿಟ್ಟು."

ಫೋಟೋ ಹೋಯಿತು. ಮಗಳಿಂದ ಸಾಲು ಸಾಲು ಕೆಂಪು ಹೃದಯಗಳು ಬಂದವು. ಬೊಕ್‌ಹೀ ಎದ್ದು, ಕರೆಂಟು ಹೋದರೆ ಬೇಕೆಂದು ಇಟ್ಟಿದ್ದ ಮೇಣದಬತ್ತಿಯನ್ನು ಹುಡುಕಿ ಟಿವಿಯ ಪಕ್ಕ ನಿಲ್ಲಿಸಿದಳು.

"ಬನ್ರೀ, ಒಂದ್ಸಲ ನಡೆದು ನೋಡೋಣ. ನೀವೇ ಬೀಗಿತ್ತಿ."

"ಸೂಪು ಆರುತ್ತೆ ಕಣೇ."

"ಆರಲಿ."

ಅವನು ಟವೆಲನ್ನು ಹೆಗಲಿಗೆ ಹೊದ್ದುಕೊಂಡು ಬಂದ. ಅಡುಗೆಮನೆ ಬಾಗಿಲಿಂದ ಇಬ್ಬರೂ ಕೈಹಿಡಿದು ಹೊರಟರು. "ಒತ್ತಬೇಡ್ರೀ, ಇನ್ನೂ ಒಣಗಿಲ್ಲ," ಅಂದಳು. "ಬೀಗಿತ್ತಿ, ಸ್ವಲ್ಪ ನಯವಾಗಿ ಹೆಜ್ಜೆ ಹಾಕಿ. ಬಸ್ ಸ್ಟ್ಯಾಂಡ್‌ಗೆ ಹೋಗ್ತಾ ಇಲ್ಲ ನಾವು," ಅಂತಲೂ ಗದರಿದಳು. ಅವಳು ಬತ್ತಿ ಹಚ್ಚಿದಳು. ಜ್ವಾಲೆ ಏಳುತ್ತಲೇ ಉಗುರುಗಳೊಳಗಿನ ಮಿನುಗೆಲ್ಲ ಒಟ್ಟಿಗೇ ಎದ್ದಿತು. ತಲೆಬಾಗುವಾಗ ಇಬ್ಬರ ಹಣೆಗಳೂ ಢಿಕ್ಕಿ ಹೊಡೆದವು.

"ಆಯ್ತಲ್ಲ, ಚೆನ್ನಾಗೇ ಆಯ್ತು," ಅಂದ ಅವನು ಹಣೆ ಉಜ್ಜಿಕೊಳ್ಳುತ್ತ. "ಊಟ ಮಾಡೋಣ."

ಬೊಕ್‌ಹೀ ಮೇಣದಬತ್ತಿ ಆರಿಸಿದಳು. ಆಮೇಲೆ ಅಡುಗೆಮನೆ ಬಾಗಿಲಿಗೆ ಹಿಂತಿರುಗಿ ನಿಂತು, ಮತ್ತೆ ಅವನತ್ತ ಕೈ ಚಾಚಿದಳು.